ಸೊಂಟದ ಪಿಸ್ತೂಲು, ಸಂತೆಯ ಮಂದಿ

2013ರ ಜನವರಿ 19, ಶನಿವಾರ. ಅಮೆರಿಕದ ಮೂರು ರಾಜ್ಯಗಳ ಮೂರು ಊರುಗಳಲ್ಲಿ ಅಂದು ಬಂದೂಕು ಮೇಳ ನಡೆದಿತ್ತು. ಬಂದೂಕಿನ ಹಕ್ಕನ್ನು ಎತ್ತಿಹಿಡಿಯಲು ಅಭಿಮಾನಿಗಳು ದೇಶದಾದ್ಯಂತ ಗೊತ್ತು ಮಾಡಿದ ದಿನವೂ ಅದೇ. ಸಂಜೆಯಾಗುವಷ್ಟರಲ್ಲಿ ಮೂರೂ ಕಡೆ ಸೇರಿ ಐವರಿಗೆ ಗುಂಡು ತಗುಲಿತ್ತು. ಅಲ್ಲಿ ಜಗಳ ನಡೆದಿರಲಿಲ್ಲ, ದರೋಡೆಗೆ ಯಾರೂ ಬಂದಿರಲಿಲ್ಲ, ಒಬ್ಬರ ಮೇಲೊಬ್ಬರಿಗೆ ಹಗೆಯೂ ಇರಲಿಲ್ಲ.

ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ ಮೇಳಕ್ಕೆ ಬಂದವನೊಬ್ಬ ತನ್ನ 12 ಬೋರಿನ ಬಂದೂಕನ್ನು ತಪಾಸಣೆಯವರಿಗೆ ತೋರಿಸಲು ಪ್ರವೇಶದ್ವಾರದ ಮೇಜಿನ ಮೇಲಿಟ್ಟು ಚೀಲದ ಜಿಪ್ಪು ಎಳೆದ. ಗುಂಡು ಹಾರಿತು. ಅದರೊಳಗಿನ ಸಣ್ಣ ಚರೆಗಳು ಚೆದುರಿ ಮೂವರಿಗೆ ಬಡಿದವು. ಅವರಲ್ಲಿ ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ. ಒಹಾಯೊ ರಾಜ್ಯದ ಮೆಡೈನಾದಲ್ಲಿ ವ್ಯಾಪಾರಿಯೊಬ್ಬ ತಾನು ಕೊಂಡಿದ್ದ 9 ಎಂಎಂ ಪಿಸ್ತೂಲನ್ನು ಪರೀಕ್ಷಿಸುತ್ತ ಕುದುರೆ ಎಳೆದ. ಗುಂಡು ಪಕ್ಕದಲ್ಲಿದ್ದ ಗೆಳೆಯನ ತೋಳಿಗೂ ಕಾಲಿಗೂ ತಗುಲಿತು. ಇಂಡಿಯಾನಾಪೊಲಿಸ್‌ನಲ್ಲಿ ಮೇಳ ನೋಡಿ ಹೊರಬಂದವನೊಬ್ಬ ತನ್ನ .45 ಪಿಸ್ತೂಲಿಗೆ ಮತ್ತೆ ಗುಂಡು ತುಂಬಿಕೊಳ್ಳುವಾಗ ತನ್ನ ಕೈಗೇ ಹೊಡೆದುಕೊಂಡ.

ಒಂದು ಅವಘಡ ಒಳಗೆ ಹೋಗುವಾಗ, ಒಂದು ಒಳಗಿದ್ದಾಗ, ಒಂದು ಹೊರಗೆ ಬರುವಾಗ. ಬಂದೂಕು ಒಯ್ದವರೆಲ್ಲ ಅದನ್ನು ಬಲ್ಲವರೇ. ಆದರೂ ಹೀಗಾಯಿತು. ಸಾವಿರಾರು ಮಂದಿ ಸೇರುವ ಜಾಗಕ್ಕೆ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಈ ಮೂರು ಘಟನೆಗಳಷ್ಟು ಕಲಿಸುವ ಪಾಠ ಬೇರೆ ಸಿಗಲಿಕ್ಕಿಲ್ಲ.

ಮೆಡೈನಾದ ಪಿಸ್ತೂಲನ್ನೇ ನೋಡೋಣ. ಅದರ ಮ್ಯಾಗಝಿನ್, ಅಂದರೆ ಗುಂಡುಗಳನ್ನು ಸಾಲಾಗಿ ಜೋಡಿಸಿಟ್ಟ ಪೆಟ್ಟಿಗೆ, ಹೊರಗೆ ತೆಗೆದಾಗಿತ್ತು. ನೋಡಿದವರಿಗೆ ಪಿಸ್ತೂಲು ಖಾಲಿ. ಆದರೆ ಮ್ಯಾಗಝಿನ್ ತೆಗೆಯುವ ಮುಂಚೆಯೇ ಒಂದು ಗುಂಡು ಮೇಲೇರಿ ನಳಿಗೆಯ ಬುಡದ ಕೋಣೆಯಲ್ಲಿ ಕೂತಿತ್ತು. ಪೆಟ್ಟಿಗೆ ತೆಗೆದರೂ ಅದು ಅಲ್ಲಿಂದ ಕದಲುವುದಿಲ್ಲ. ಮೇಲಿನ ಜಾರುಪಟ್ಟಿಯನ್ನು ಹಿಂದಕ್ಕೆ ಎಳೆದು, ಆ ಕೋಣೆಯನ್ನು ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿ ಖಾತ್ರಿ ಮಾಡಿಕೊಂಡರೆ ಮಾತ್ರ ಪಿಸ್ತೂಲು ಖಾಲಿ ಎನ್ನಬಹುದು. ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತದ್ದು ಇಂಥ ‘ಖಾಲಿ’ ಬಂದೂಕಿನಿಂದ. ಪಿಸ್ತೂಲು ತರಬೇತಿಯಲ್ಲಿ ದೊಡ್ಡ ಹೆಸರಾದ ಅಮೆರಿಕದ ಜೆಫ್ ಕೂಪರ್ ಹೇಳಿಕೊಟ್ಟ ಮೊದಲ ನಿಯಮ ಇದೇ ಕಾರಣಕ್ಕೆ ಹುಟ್ಟಿತು: ಎಲ್ಲ ಬಂದೂಕುಗಳೂ ಯಾವಾಗಲೂ ತುಂಬಿರುತ್ತವೆ ಎಂದೇ ತಿಳಿಯಬೇಕು.

ಅಮೆರಿಕದ ಬಂದೂಕು ಮೇಳವೆಂದರೆ ನಮ್ಮ ಕೃಷಿ ಮೇಳದ ಮಳಿಗೆಗಳಂತೆ ಉದ್ದುದ್ದ ಮೇಜುಗಳ ಸಾಲು. ದೊಡ್ಡ ಸಭಾಂಗಣವನ್ನೋ ಸರಕಾರಿ ಜಾತ್ರೆ ಮೈದಾನವನ್ನೋ ವಾರಾಂತ್ಯಕ್ಕೆ ಬಾಡಿಗೆ ಹಿಡಿಯುತ್ತಾರೆ. ಹೊಸ ಬಂದೂಕು, ಹಳೆಯ ಬಂದೂಕು, ಯುದ್ಧಕಾಲದ ಪಳೆಯುಳಿಕೆ, ಚಾಕು, ತೊಗಲಿನ ಹೋಲ್‌ಸ್ಟರ್, ಗುಂಡಿನ ಡಬ್ಬಿ, ಒಣಗಿಸಿದ ಮಾಂಸದ ಪೊಟ್ಟಣ ಎಲ್ಲವೂ ಅಲ್ಲಿ ಸಿಗುತ್ತವೆ. ಟಿಕೆಟ್ ಕೊಂಡು ಒಳಹೋಗುವವರು ತಮ್ಮದೊಂದು ಬಂದೂಕನ್ನೂ ಹೊತ್ತು ಬರುವುದುಂಟು: ಮಾರಲಿಕ್ಕೆ, ಬದಲಿಸಲಿಕ್ಕೆ, ಬೆಲೆ ಕಟ್ಟಿಸಲಿಕ್ಕೆ. ಅಂಥ ಬಂದೂಕನ್ನು ಬಾಗಿಲಲ್ಲಿ ಕೂತ ಪೊಲೀಸರು ತೆರೆದು ನೋಡಿ, ಗುಂಡಿಲ್ಲವೆಂದು ಖಾತ್ರಿಯಾದ ಮೇಲೆ, ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅದರ ಗುಂಡು ಕೂರುವ ಕೋಣೆಯೊಳಗೆ ತೂರಿಸಿ ಬಿಗಿಯುತ್ತಾರೆ. ಪಟ್ಟಿ ಇರುವವರೆಗೆ ಗುಂಡು ಒಳಗೆ ಕೂರದು, ಕುದುರೆ ಎಳೆದರೂ ಏನೂ ಆಗದು. ಮೇಜಿನ ಮೇಲಿನ ಮಾಲಿಗೂ ಇದೇ ಕಟ್ಟು.

ತಕರಾರು ಇರುವುದು ಸೊಂಟದ ಪಿಸ್ತೂಲಿನದು. ಮಾರಲಿಕ್ಕಲ್ಲ, ದಿನವೂ ಅಂಗಿಯ ಅಡಿಯಲ್ಲಿ ಇಟ್ಟುಕೊಂಡು ಓಡಾಡುವ ತುಂಬಿದ ಪಿಸ್ತೂಲು. ಬಹುತೇಕ ಮೇಳಗಳ ಬಾಗಿಲಲ್ಲಿ ಒಂದು ಫಲಕ ಇರುತ್ತದೆ: ಗುಂಡು ತುಂಬಿದ ಬಂದೂಕಿಗೆ ಪ್ರವೇಶವಿಲ್ಲ, ಪರವಾನಗಿ ಇದ್ದವರಿಗೂ ಇಲ್ಲ. ಬಂದೂಕನ್ನು ಇಷ್ಟು ಪ್ರೀತಿಸುವವರ ಮೇಳದಲ್ಲೇ ಈ ನಿರ್ಬಂಧವೇ ಎಂದು ಸಿಟ್ಟಾಗುವವರಿದ್ದಾರೆ. ಅವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೋಲ್‌ಸ್ಟರಿನಲ್ಲಿ ಕೂತ ಪಿಸ್ತೂಲು ತಾನಾಗಿ ಹಾರುವುದು ಬಲು ಅಪರೂಪ. ಅದರ ಕುದುರೆ ಪೂರ್ತಿ ಮುಚ್ಚಿರುತ್ತದೆ. ಅಪಾಯ ಶುರುವಾಗುವುದು ಅದನ್ನು ಹೊರತೆಗೆದು ಗುಂಡು ಇಳಿಸುವಾಗ, ಮತ್ತೆ ತುಂಬುವಾಗ. ಬಾಗಿಲಲ್ಲಿ ಖಾಲಿ ಮಾಡಿ ಎಂದರೆ ನೂರಾರು ಜನ ಒಂದೇ ಜಾಗದಲ್ಲಿ ಸಾಲುಗಟ್ಟಿ ಅದೇ ಅಪಾಯದ ಕೆಲಸ ಮಾಡಬೇಕಾಗುತ್ತದೆ. ಇಂಡಿಯಾನಾಪೊಲಿಸ್‌ನಲ್ಲಿ ಕೈಗೆ ಗುಂಡು ಹೊಡೆದುಕೊಂಡವನು ಮಾಡಿದ್ದು ಇದನ್ನೇ.

ಆಯೋಜಕರ ಮಾತೂ ಅಷ್ಟೇ ಗಟ್ಟಿ. ಅಂಗಡಿಗೆ, ಚರ್ಚಿಗೆ, ಹೋಟೆಲಿಗೆ ಹೋದವನಿಗೆ ಸೊಂಟದ ಪಿಸ್ತೂಲನ್ನು ಹೊರತೆಗೆಯಲು ಕಾರಣವೇ ಇರುವುದಿಲ್ಲ. ಬಂದೂಕು ಮೇಳದಲ್ಲಿ ಮಾತ್ರ ಹೆಜ್ಜೆಗೊಂದು ಕಾರಣ. ಹೊಸ ಹೋಲ್‌ಸ್ಟರ್ ಹೊಂದುತ್ತದೋ ನೋಡಬೇಕು. ಮೇಜಿನವನು ‘ನಿಮ್ಮದು ಯಾವುದು, ತೋರಿಸಿ’ ಎನ್ನುತ್ತಾನೆ. ಹಿಡಿಕೆ ಬದಲಿಸಬೇಕು, ಗುರಿಪಟ್ಟಿ ಜೋಡಿಸಬೇಕು, ಗೆಳೆಯನದರ ಜೊತೆ ತೂಕ ಹೋಲಿಸಬೇಕು. ಸುತ್ತಲಿನ ಎಲ್ಲ ಪಿಸ್ತೂಲುಗಳೂ ಪಟ್ಟಿ ಕಟ್ಟಿದ ಖಾಲಿ ಮಾಲು. ಎತ್ತಿ ಕುದುರೆ ಎಳೆದು ನೋಡಿ ನೋಡಿ ಕೈಗೆ ರೂಢಿಯಾಗಿರುತ್ತದೆ. ಅದೇ ಕೈ ಅದೇ ರೂಢಿಯಲ್ಲಿ ತುಂಬಿದ ಪಿಸ್ತೂಲಿಗೂ ಹೋಗುತ್ತದೆ.

ಹೀಗಾಗಿ ಕೆಲವೆಡೆ ನಡುದಾರಿಯೊಂದನ್ನು ಕಂಡುಕೊಂಡಿದ್ದಾರೆ. ಬಾಗಿಲ ಪಕ್ಕ ಉಸುಕು ತುಂಬಿದ ಪೀಪಾಯಿ ಇಟ್ಟಿರುತ್ತಾರೆ. ಪಿಸ್ತೂಲಿನ ಬಾಯಿಯನ್ನು ಅದರತ್ತ ಹಿಡಿದೇ ಗುಂಡು ಇಳಿಸಬೇಕು, ತುಂಬಬೇಕು. ಕೈತಪ್ಪಿ ಹಾರಿದರೆ ಗುಂಡು ಉಸುಕಿನಲ್ಲಿ ಹೂತುಹೋಗುತ್ತದೆ. ದೊಡ್ಡ ಖರ್ಚಿಲ್ಲ, ಹಕ್ಕಿನ ಮಾತೂ ಇಲ್ಲ.

ಅಮೆರಿಕದಲ್ಲಿ ಮೇಳದ ಸುತ್ತ ಇನ್ನೊಂದು ದೊಡ್ಡ ಜಗಳವೂ ಇದೆ. 1993ರ ಬ್ರೇಡಿ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಇರುವ ವ್ಯಾಪಾರಿ ಬಂದೂಕು ಮಾರುವ ಮುಂಚೆ ಕೊಳ್ಳುವವನ ಹಿನ್ನೆಲೆ ಪರಿಶೀಲಿಸಲೇಬೇಕು. 1998ರಿಂದ ಅದಕ್ಕೆ ರಾಷ್ಟ್ರೀಯ ವ್ಯವಸ್ಥೆಯೇ ಇದೆ. ಆದರೆ ತನ್ನ ಸ್ವಂತ ಬಂದೂಕನ್ನು ಮಾರುವ ಸಾಮಾನ್ಯನಿಗೆ ಒಕ್ಕೂಟದ ಕಾನೂನಿನಲ್ಲಿ ಈ ಕಟ್ಟು ಇರಲಿಲ್ಲ. ಮೇಳದ ಒಂದು ಮೇಜಿನಲ್ಲಿ ಪರಿಶೀಲನೆ, ಪಕ್ಕದ ಮೇಜಿನಲ್ಲಿ ಬರೀ ಕೈಕುಲುಕು. ಕೆಲವು ರಾಜ್ಯಗಳು ತಾವೇ ಕಾನೂನು ಮಾಡಿ ಇದನ್ನು ಮುಚ್ಚಿವೆ, ಹಲವು ರಾಜ್ಯಗಳು ಬಿಟ್ಟಿವೆ.

ಇದೆಲ್ಲ ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯ ಓದುಗರಿಗೆ ಯಾಕೆ? ಮೊದಲ ಕಾರಣ ಸರಳ. ಹುಬ್ಬಳ್ಳಿ–ಧಾರವಾಡದ ಕಾಲೇಜುಗಳಲ್ಲಿ ಓದಿದ ಮಕ್ಕಳು ಡಲ್ಲಾಸ್‌ನಲ್ಲೋ ಹ್ಯೂಸ್ಟನ್‌ನಲ್ಲೋ ಮನೆ ಮಾಡಿದ್ದಾರೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ದಾಟಿದ, ಕಾನೂನಿನ ಅಡ್ಡಿಯಿಲ್ಲದ ಯಾರೇ ಆದರೂ ಪರವಾನಗಿ ಇಲ್ಲದೆಯೇ ಪಿಸ್ತೂಲು ಹೊತ್ತು ತಿರುಗಬಹುದು. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಇದೇ ಸ್ಥಿತಿ. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನ್ಯೂಯಾರ್ಕ್ ರಾಜ್ಯದ ಪ್ರಕರಣವೊಂದರಲ್ಲಿ, ಆತ್ಮರಕ್ಷಣೆಗೆಂದು ಮನೆಯ ಹೊರಗೂ ಕೈಬಂದೂಕು ಒಯ್ಯುವುದು ಸಂವಿಧಾನದ ಹಕ್ಕು ಎಂದಿತು. ಮಗನ ಮನೆಗೆ ಆರು ತಿಂಗಳಿಗೆಂದು ಹೋದ ಅಪ್ಪ, ಅವ್ವ ಅಂಗಡಿಯ ಸಾಲಿನಲ್ಲಿ ನಿಂತಾಗ ಮುಂದಿನವನ ಅಂಗಿಯ ಅಡಿಯಲ್ಲಿ ಏನಿದೆ ಎಂಬುದು ಅವರಿಗೆ ತಿಳಿಯುವ ದಾರಿ ಇಲ್ಲ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಬಂದೂಕು ಮೇಳ ನಮ್ಮಲ್ಲಿಲ್ಲ, ಜಾತ್ರೆ ಇದೆ, ಮದುವೆ ಮೆರವಣಿಗೆ ಇದೆ, ಚುನಾವಣೆ ಇದೆ. ಲೈಸೆನ್ಸ್ ಇರುವ ಬಂದೂಕುಗಳೂ ಇವೆ, ಲೈಸೆನ್ಸ್ ಇಲ್ಲದವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿವೆ. ಜಿನೀವಾದ ‘ಸ್ಮಾಲ್ ಆರ್ಮ್ಸ್ ಸರ್ವೆ’ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ನಾಗರಿಕರ ಬಳಿ ಸುಮಾರು 7.1 ಕೋಟಿ ಬಂದೂಕುಗಳಿದ್ದವು. ದಾಖಲೆಯಲ್ಲಿದ್ದವು ಸುಮಾರು 97 ಲಕ್ಷ. ಅಮೆರಿಕದಲ್ಲಿ 39 ಕೋಟಿ, ಅಂದರೆ ಅಲ್ಲಿನ ಜನಸಂಖ್ಯೆಗಿಂತಲೂ ಹೆಚ್ಚು.

ನಮ್ಮ ಕಾನೂನು ಅಮೆರಿಕದ ದಾರಿಯಲ್ಲಿ ಹೋಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಹಕ್ಕಲ್ಲ, ಅನುಮತಿ. ಲೈಸೆನ್ಸ್ ಮೊದಲು, ಬಂದೂಕು ಆಮೇಲೆ. ಉಪ್ಪಿನಬೆಟಗೇರಿಯಂಥ ಹಳ್ಳಿಯವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಹುಬ್ಬಳ್ಳಿ–ಧಾರವಾಡ ನಗರದವರಾದರೆ ಪೊಲೀಸ್ ಕಮಿಷನರಿಗೆ. ಪೊಲೀಸ್ ವರದಿ ಬರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಬಂದೂಕು ಬಳಸುವ ತರಬೇತಿ ಆಗಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಮೂರರ ಬದಲು ಎರಡೇ ಬಂದೂಕು ಇರಬಹುದು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಸೈನ್ಯ, ಪೊಲೀಸರು ಬಳಸುವ 9 ಎಂಎಂ, .38 ಮೊದಲಾದ ಅಳತೆಯವು ಸಾಮಾನ್ಯರಿಗೆ ನಿಷಿದ್ಧ. ಹೀಗಾಗಿ ನಾಗರಿಕರ ಕೈಗೆ ಬರುವ ಪಿಸ್ತೂಲು, ರಿವಾಲ್ವರುಗಳು ಹೆಚ್ಚಾಗಿ .32 ಅಳತೆಯವು.

ಇನ್ನು ಸೊಂಟದ ಪಿಸ್ತೂಲಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದು ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಒಯ್ಯುವುದನ್ನು ಕುರಿತದ್ದು. ಕೈಬಂದೂಕಾದರೆ ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು; ಉದ್ದ ಬಂದೂಕಾದರೆ ಅದಕ್ಕೆಂದೇ ಮಾಡಿದ ಗವಸಿನಲ್ಲಿರಬೇಕು. ಅದು ಪೂರ್ತಿ ಮುಚ್ಚಿರಬೇಕು ಮತ್ತು ಒಯ್ಯುವವನ ಹತೋಟಿಯಲ್ಲೇ ಇರಬೇಕು. ಹೊರತೆಗೆದು ಝಳಪಿಸುವುದು, ಗುಂಡು ಹಾರಿಸುವುದು ನಿಷಿದ್ಧ. ಅಮೆರಿಕದಲ್ಲಿ ಪಿಸ್ತೂಲನ್ನು ಮರೆಮಾಚಿ ಒಯ್ಯುವುದಕ್ಕೆ ದಶಕಗಳ ಕಾಲ ಪ್ರತ್ಯೇಕ ಅನುಮತಿ ಬೇಕಿತ್ತು, ತೋರಿಸಿಕೊಂಡು ಒಯ್ಯುವುದು ಎಷ್ಟೋ ಕಡೆ ಸಲೀಸಾಗಿತ್ತು. ನಮ್ಮಲ್ಲಿ ಲೈಸೆನ್ಸ್ ಇದ್ದವನು ಒಯ್ದರೆ ಮುಚ್ಚಿಯೇ ಒಯ್ಯಬೇಕು. ಜನರ ನಡುವೆ ಬಂದೂಕು ಕಾಣಿಸಿದರೆ ಅದೇ ಒಂದು ಬೆದರಿಕೆ ಎಂದು ಕಾನೂನು ಬಗೆಯುತ್ತದೆ. ಈ ತಿಳಿವಳಿಕೆ ಸರಿಯಾದದ್ದು ಎಂದೇ ಈ ಲೇಖಕನಿಗೆ ಅನ್ನಿಸುತ್ತದೆ. ಹಳ್ಳಿಯಲ್ಲಿ ಲೈಸೆನ್ಸ್ ಬಂದೂಕೆಂದರೆ ಮೊದಲಿನಿಂದಲೂ ದೊಡ್ಡ ಮನೆತನದ ಗುರುತು. ಅದನ್ನು ಹೆಗಲಿಗೇರಿಸಿ ಚಾವಡಿಯ ಮುಂದೆ ಹಾದುಹೋದರೆ ಮಾತಿಲ್ಲದೆಯೇ ನಾಲ್ಕು ಜನರ ಬಾಯಿ ಕಟ್ಟುತ್ತದೆ.

ರೈತನ ಬಂದೂಕಿನ ಕತೆ ಬೇರೆ. ಬೆಳೆ ಕಾಯಲೆಂದು ಮದ್ದು ಗಿಡಿದು ಹೊಡೆಯುವ ಬಂದೂಕಿಗೆ ಕಾಯ್ದೆಯ 13ನೇ ಕಲಮಿನಲ್ಲೇ ಜಾಗವಿದೆ. ಗೋವಿನಜೋಳದ ಹೊಲಕ್ಕೆ ರಾತ್ರಿ ಕಾಡುಹಂದಿಯ ಹಿಂಡು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಆ ಸಂಕಟ ಅನುಭವಿಸಿದವರಿಗೇ ಗೊತ್ತು. ಆದರೆ ಬಂದೂಕಿನ ಲೈಸೆನ್ಸ್ ಪ್ರಾಣಿ ಕೊಲ್ಲುವ ಲೈಸೆನ್ಸ್ ಅಲ್ಲ. ಹಂದಿಯೂ ಚಿಗರಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಗದ್ದಲ ಎಬ್ಬಿಸಿ ಓಡಿಸುವುದಕ್ಕಷ್ಟೇ ಆ ಬಂದೂಕು.

ಈ ಸೀಮೆಗೆ ಬಂದೂಕಿನ ನೆನಪು ಹಳೆಯದು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ಗುಂಡು ಕಿತ್ತೂರಿನ ಬಂಟ ಅಮಟೂರು ಬಾಳಪ್ಪನದು. ಅಮಟೂರು ಇರುವುದು ಬೈಲಹೊಂಗಲ ತಾಲ್ಲೂಕಿನಲ್ಲಿ, ಉಪ್ಪಿನಬೆಟಗೇರಿಗೆ ದೂರವಲ್ಲ. ಥ್ಯಾಕರೆಯ ಸ್ಮಾರಕ ಧಾರವಾಡದಲ್ಲಿದೆ. ಮೂವತ್ಮೂರು ವರ್ಷದ ಮೇಲೆ, 1857ರಲ್ಲಿ, ಕಂಪನಿ ಸರಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು ಎರಡೂ ಅವರ ಬದುಕು. ಆಯುಧ ಒಪ್ಪಿಸಿದರೆ ಬದುಕನ್ನೇ ಒಪ್ಪಿಸಿದಂತೆ. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಆ ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಗಳಲ್ಲಿ ಆ ದಂಗೆಯ ಹಾಡೂ ಒಂದು. ಹತ್ತನೇ ತರಗತಿಯ ಮಕ್ಕಳು ಅದನ್ನು ಓದಿದ್ದಾರೆ.

ಅದೇ ಕಾನೂನು ಕೊಡಗಿಗೆ ಹೋದಾಗ ಆದದ್ದು ಬೇರೆ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಕೊಡವರ ನಿಷ್ಠೆ ಮತ್ತು ಶೌರ್ಯವನ್ನು ಹೊಗಳಿ, ನಿಶ್ಶಸ್ತ್ರ ಕಾಯ್ದೆಯಿಂದ ಅವರಿಗೆ ವಿನಾಯಿತಿ ಕೊಟ್ಟ. ದಂಗೆ ಎದ್ದ ಹಲಗಲಿಗೆ ನೇಣು, ಜೊತೆಗೆ ನಿಂತ ಕೊಡಗಿಗೆ ಕೋವಿ. ಸ್ವತಂತ್ರ ಭಾರತದಲ್ಲಿಯೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಆ ವಿನಾಯಿತಿ ಉಳಿದಿದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧ ಎಂಬ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ವಿನಾಯಿತಿಯ ಪಟ್ಟಿಯಲ್ಲಿರುವುದು ರೈಫಲ್ ಮತ್ತು ಕೋವಿ. ಅಂಗಿಯ ಅಡಿಯಲ್ಲಿ ಮರೆಯಾಗುವ ಪಿಸ್ತೂಲಿಗೆ ಅಲ್ಲಿ ಜಾಗವಿಲ್ಲ.

ಕನ್ನಡ ನಾಡಿನಲ್ಲಿ ಬಂದೂಕು ಮೇಳಕ್ಕೆ ಹತ್ತಿರವಾದದ್ದು ಏನಾದರೂ ಇದ್ದರೆ ಅದು ಕೊಡಗಿನ ಕೈಲ್ ಪೊಳ್ದ್. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ ದೇವರ ಕೋಣೆಯಲ್ಲಿ ಸಾಲಾಗಿ ಇಡುತ್ತಾರೆ. ಕೋವಿಯ ನಳಿಗೆಯ ತುದಿಗೆ ತೋಕ್ ಪೂವ್ ಸಿಕ್ಕಿಸುತ್ತಾರೆ. ಮಳೆಗಾಲದ ಬೇಲಿಯಲ್ಲಿ ಅರಳುವ, ಕೆಂಪು ಹಳದಿ ನಾಲಗೆಯಂಥ ಎಸಳಿನ ಗೌರಿ ಹೂವೇ ಅದು. ಪೂಜೆ ಆಗುವವರೆಗೆ ಆಯುಧ ಮುಟ್ಟುವಂತಿಲ್ಲ. ಕಡಂಬುಟ್ಟು, ಪಂದಿ ಕರಿಯ ಊಟ ಮುಗಿದ ಮೇಲೆ ಊರ ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳುತ್ತದೆ. ಇಲ್ಲಿ ಕೋವಿ ಯಾರದು, ಯಾವ ಮನೆಯದು, ಯಾರ ಕೈಯಲ್ಲಿದೆ ಎಂದು ಇಡೀ ಊರಿಗೆ ಗೊತ್ತು. ಗುರಿ ಇಡುವವನು ಒಬ್ಬ, ಉಳಿದವರು ಅವನ ಹಿಂದೆ. ಕೊಡಗಿನಲ್ಲಿ ಕೋವಿಯಿಂದ ಅಪಘಾತವೇ ಆಗಿಲ್ಲ, ಕೊಲೆಯೇ ನಡೆದಿಲ್ಲ ಎಂದು ಹೇಳಲಾಗದು. ಆದರೂ ಎಲ್ಲರಿಗೂ ಕಾಣುವ ಉದ್ದನೆಯ ಕೋವಿಯೇ ಬೇರೆ, ಗುಂಪಿನೊಳಗೆ ಯಾರಿಗೂ ಕಾಣದ ಪಿಸ್ತೂಲೇ ಬೇರೆ.

ಆ ಎರಡನೆಯದು ಏನು ಮಾಡಬಲ್ಲದೆಂದು ಧಾರವಾಡ ನೋಡಿದೆ. 2015ರ ಆಗಸ್ಟ್ 30, ಭಾನುವಾರ ಬೆಳಗ್ಗೆ ಕಲ್ಯಾಣನಗರದ ಮನೆಯ ಬಾಗಿಲಿಗೆ ಬೈಕಿನಲ್ಲಿ ಇಬ್ಬರು ಬಂದರು. ಬಾಗಿಲು ತೆರೆದ ಎಂ.ಎಂ. ಕಲಬುರ್ಗಿಯವರಿಗೆ ಗುಂಡು ಹೊಡೆದು ಹೋದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಶಾಸನ ಮತ್ತು ವಚನಗಳ ಸಂಶೋಧನೆಗೆ ಬದುಕು ಕೊಟ್ಟವರು, ಯಾರೇ ಬಾಗಿಲು ತಟ್ಟಿದರೂ ತೆರೆಯುತ್ತಿದ್ದವರು. ಎರಡು ವರ್ಷದ ನಂತರ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದದ್ದು 7.65 ಎಂಎಂ ಅಳತೆಯ ನಾಡ ಪಿಸ್ತೂಲು. ಎರಡೂ ಕೊಲೆಗಳಿಗೆ ಒಂದೇ ಪಿಸ್ತೂಲು ಬಳಸಲಾಗಿದೆ ಎಂಬುದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಕಂಡಿತು. ಅಂಗೈಗಿಂತ ಸ್ವಲ್ಪ ದೊಡ್ಡದು, ಪ್ಯಾಂಟಿನ ಹಿಂದೆ ಸಿಕ್ಕಿಸಿದರೆ ಅಂಗಿ ಮುಚ್ಚುತ್ತದೆ. ಅದಕ್ಕೆ ಲೈಸೆನ್ಸ್ ಇಲ್ಲ, ಸಂಖ್ಯೆ ಇಲ್ಲ, ಯಾವ ಕಚೇರಿಯ ಪುಸ್ತಕದಲ್ಲೂ ಹೆಸರಿಲ್ಲ.

ಇಂಥ ಪಿಸ್ತೂಲುಗಳು ಎಲ್ಲಿಂದ ಬರುತ್ತವೆ? ಬಿಹಾರದ ಮುಂಗೇರ್ ಮತ್ತು ಮಧ್ಯಪ್ರದೇಶದ ಕೆಲವು ಭಾಗಗಳು ಕಳ್ಳ ಬಂದೂಕಿಗೆ ಹೆಸರಾಗಿವೆ. ಮಹಾರಾಷ್ಟ್ರದ ಗಡಿ ದಾಟಿ ಅವು ವಿಜಯಪುರ ಜಿಲ್ಲೆಯ ಭೀಮಾ ತೀರಕ್ಕೆ ಇಳಿಯುತ್ತವೆ. ಚಡಚಣ, ಇಂಡಿ ಸುತ್ತಮುತ್ತ ಪೊಲೀಸರು ಆಗಾಗ ಕಂಟ್ರಿ ಪಿಸ್ತೂಲು ಹಿಡಿದ ಸುದ್ದಿ ಬರುತ್ತಲೇ ಇರುತ್ತದೆ. ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆ. ತಯಾರಿಸಿ ಮಾರುವವರಿಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ.

ಹಂತಕರ ಕೈಯಲ್ಲಿ ಪಿಸ್ತೂಲು ಇರುವಾಗ ಸಜ್ಜನರೂ ಒಂದನ್ನು ಇಟ್ಟುಕೊಂಡರೆ ತಪ್ಪೇನು ಎಂಬ ಮಾತು ಸಹಜವಾಗಿ ಏಳುತ್ತದೆ. ಸರಕಾರವೇ ಅಂಥ ಭರವಸೆ ಮಾರಿದ್ದುಂಟು. 2012ರ ದೆಹಲಿ ಅತ್ಯಾಚಾರದ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಸರಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ .32 ರಿವಾಲ್ವರ್ ತಂದಿತು. ತೂಕ ಅರ್ಧ ಕಿಲೊ, ಹೆಣ್ಣುಮಕ್ಕಳ ಪರ್ಸಿನಲ್ಲಿ ಹಿಡಿಸುತ್ತದೆ ಎಂದು ಪ್ರಚಾರ. ಬೆಲೆ ಲಕ್ಷ ರೂಪಾಯಿಗೂ ಮೇಲೆ. ಬಸ್ಸಿಗೆ ಕಾಯುವ, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಆ ದುಡ್ಡೂ ಇಲ್ಲ, ಲೈಸೆನ್ಸಿಗೆ ಅಲೆಯುವ ಪುರುಸೊತ್ತೂ ಇಲ್ಲ. ಕೊಲ್ಲಲು ಬಂದವನು ಹೊತ್ತು, ಜಾಗ ಎರಡನ್ನೂ ತಾನೇ ಆರಿಸಿಕೊಂಡಿರುತ್ತಾನೆ. ಪರ್ಸಿನ ಅಡಿಯಲ್ಲಿದ್ದ ರಿವಾಲ್ವರ್ ಕೈಗೆ ಬರುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತದೆ. ಬಾಗಿಲು ತೆರೆದ ಕಲಬುರ್ಗಿಯವರ ಮನೆಯೊಳಗೆ ಬಂದೂಕು ಇದ್ದಿದ್ದರೂ ಆ ಬೆಳಗ್ಗೆ ಬೇರೆಯಾಗುತ್ತಿತ್ತು ಎಂದು ನಂಬುವುದು ಕಷ್ಟ.

ಜಂಗುಳಿಯಲ್ಲಂತೂ ಲೆಕ್ಕ ಇನ್ನೂ ಕೆಡುತ್ತದೆ. ರಥಬೀದಿಯಲ್ಲಿ ತೇರು ಎಳೆಯುವಾಗ ಮೈಗೆ ಮೈ ತಾಗಿರುತ್ತದೆ. ಹಗ್ಗಕ್ಕೆ ಕೈ ಹಾಕಲು ಬಗ್ಗಿದಾಗ ಅಂಗಿ ಮೇಲೇಳುತ್ತದೆ, ಸೊಂಟದ್ದು ಕಾಣುತ್ತದೆ, ಜಾರುತ್ತದೆ. ಯಾರೋ ಕಸಿಯಬಹುದು, ಯಾರೋ ಹೆದರಿ ಕೂಗಬಹುದು. ತುಂಬಿದ ಜಾತ್ರೆಯಲ್ಲಿ ‘ಬಂದೂಕ ಐತಿ’ ಎಂಬ ಒಂದು ಕೂಗು ಸಾಕು. ಗುಂಡು ಹಾರದೆಯೂ ಕಾಲ್ತುಳಿತಕ್ಕೆ ಜೀವ ಹೋಗುತ್ತದೆ. ಮದುವೆಯಲ್ಲಿ ಇನ್ನೊಂದು ಅಪಾಯ. ಉತ್ತರ ಭಾರತದ ಹುಚ್ಚು ಖುಷಿಯ ಗುಂಡು ಎಷ್ಟು ಜನರನ್ನು ಕೊಂದಿದೆಯೋ. 2016ರ ಡಿಸೆಂಬರ್‌ನಲ್ಲಿ ಪಂಜಾಬಿನ ಬಠಿಂಡಾ ಜಿಲ್ಲೆಯ ಮೌರ್ ಮಂಡಿಯಲ್ಲಿ ಮದುವೆಯ ವೇದಿಕೆಯ ಮೇಲೆ ಕುಣಿಯುತ್ತಿದ್ದ ಯುವತಿಯೊಬ್ಬಳು ಅತಿಥಿಯೊಬ್ಬ ಹಾರಿಸಿದ ಗುಂಡಿಗೆ ಅಲ್ಲೇ ಸತ್ತಳು. 2019ರ ತಿದ್ದುಪಡಿ ಇದಕ್ಕೆಂದೇ ಹೊಸ ಅಪರಾಧವನ್ನು ಸೇರಿಸಿತು. ಸಾರ್ವಜನಿಕ ಸಭೆ, ಧಾರ್ಮಿಕ ಸ್ಥಳ, ಮದುವೆ, ಇತರ ಸಮಾರಂಭಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಯಾರಿಗೂ ತಗುಲಲಿಲ್ಲ, ಆಕಾಶಕ್ಕೆ ಹೊಡೆದದ್ದು ಎಂಬ ಸಬೂಬು ನಡೆಯದು. ಮೇಲೆ ಹೋದ ಗುಂಡು ಎಲ್ಲೋ ಒಂದು ಕಡೆ, ಯಾರದೋ ಮಾಳಿಗೆಯ ಮೇಲೆ, ಕೆಳಗೆ ಬೀಳಲೇಬೇಕು.

ಅಮೆರಿಕದ ಮೇಳದ ಬಾಗಿಲಲ್ಲಿ ಉಸುಕಿನ ಪೀಪಾಯಿ ಇಡುವವರು ಮಾಡಿದ್ದನ್ನು ನಾವು ಬೇರೆ ಬಗೆಯಲ್ಲಿ ಆಗಲೇ ಮಾಡುತ್ತಿದ್ದೇವೆ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್‌ದಾರರು ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾರೆ. ಯಾರು ಒಪ್ಪಿಸಬೇಕು, ಯಾರಿಗೆ ವಿನಾಯಿತಿ ಎಂದು ನೋಡಲು ಜಿಲ್ಲೆಯಲ್ಲಿ ಸಮಿತಿಯೂ ಇರುತ್ತದೆ. ಫಲಿತಾಂಶ ಬಂದು ನೀತಿಸಂಹಿತೆ ಮುಗಿದ ಮೇಲೆ ಬಂದೂಕು ಮನೆಗೆ ವಾಪಸು. ಬೆಳೆ ಕಾಯುವ ರೈತನಿಗೆ ಇದರಿಂದ ತೊಂದರೆ ಇದೆ ಎಂಬುದು ನಿಜ, ಆ ದೂರು ನ್ಯಾಯವಾದದ್ದೇ. ಆದರೆ ವ್ಯವಸ್ಥೆ ಇದೆ, ರಸೀದಿ ಪುಸ್ತಕ ಇದೆ, ಠಾಣೆಯಲ್ಲಿ ಬೀಗ ಹಾಕುವ ಕೋಣೆ ಇದೆ. ಪರವಾನಗಿ ಪಡೆದ ಬಂದೂಕು ವ್ಯಾಪಾರಿಗಳ ಬಳಿ ಜೋಪಾನಕ್ಕೆ ಇಡುವ ಅವಕಾಶವೂ ಇದೆ.

ಇದನ್ನೇ ಜಾತ್ರೆಯ ವಾರಕ್ಕೂ ದೊಡ್ಡ ಮದುವೆಗಳಿಗೂ ಒಗ್ಗಿಸಿಕೊಳ್ಳಲು ಹೊಸ ಕಾನೂನು ಬೇಡ. ಸೊಂಟದ ಪಿಸ್ತೂಲನ್ನು ತೇರಿನ ದಿನ ಠಾಣೆಯಲ್ಲೋ ಮನೆಯ ಕಬ್ಬಿಣದ ಕಪಾಟಿನಲ್ಲೋ ಗುಂಡು ಇಳಿಸಿ, ಗುಂಡು ಬೇರೆ ಪಿಸ್ತೂಲು ಬೇರೆ ಇಟ್ಟು ಬರಬಹುದು. ಜಾತ್ರಾ ಕಮಿಟಿಯವರು ಪೊಲೀಸ್ ಬಂದೋಬಸ್ತು ಕೇಳುವಾಗ ಊರಿನಲ್ಲಿ ಲೈಸೆನ್ಸ್ ಬಂದೂಕು ಎಷ್ಟು, ಅವು ಅಂದು ಎಲ್ಲಿರುತ್ತವೆ ಎಂದೂ ಕೇಳಬಹುದು. ಠಾಣೆಯ ದಾಖಲೆಯಲ್ಲಿ ಅದಕ್ಕೆ ಉತ್ತರವಿದೆ. ಇನ್ನು ಲೈಸೆನ್ಸ್ ಕೊಡುವಾಗ ಮತ್ತು ನವೀಕರಿಸುವಾಗ 32ನೇ ನಿಯಮವನ್ನೂ ಸಂಭ್ರಮದ ಗುಂಡಿನ ಶಿಕ್ಷೆಯನ್ನೂ ರೈತನಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಿ, ಕೇಳಿದ್ದೇನೆ ಎಂದು ಅವನಿಂದ ಸಹಿ ಹಾಕಿಸಿಕೊಳ್ಳಬೇಕು. ಲೈಸೆನ್ಸ್ ಐದು ವರ್ಷಕ್ಕೊಮ್ಮೆ ಹೇಗೂ ಜಿಲ್ಲಾಧಿಕಾರಿಯ ಕಚೇರಿಗೆ ಬರುತ್ತದೆ. ಆ ಓದಿಗೆ ಬೇಕಾದದ್ದು ಹತ್ತು ನಿಮಿಷ ಮತ್ತು ಒಬ್ಬ ಗುಮಾಸ್ತ.